ಕೊಸ್ಮೋಸ್ 2251: ಸತ್ತು 14 ವರ್ಷವಾದ ಮೇಲೆ ನಡೆದ ಡಿಕ್ಕಿ

2009ರ ಫೆಬ್ರವರಿ 10, ಮಂಗಳವಾರ. ನಮ್ಮಲ್ಲಿ ರಾತ್ರಿ 10 ಗಂಟೆ 26 ನಿಮಿಷ. ಅದೇ ಹೊತ್ತಿಗೆ ಸೈಬೀರಿಯಾದ ಉತ್ತರ ತುದಿಯ ತೈಮೀರ್ ಪರ್ಯಾಯ ದ್ವೀಪದ ಮೇಲೆ, ನೆಲದಿಂದ 789 ಕಿ.ಮೀ. ಎತ್ತರದಲ್ಲಿ, ಎರಡು ಉಪಗ್ರಹಗಳು ಒಂದಕ್ಕೊಂದು ಗುದ್ದಿಕೊಂಡವು. ಯಾರೂ ಕಣ್ಣಾರೆ ನೋಡಲಿಲ್ಲ. ಸದ್ದು ಕೇಳಿಸೋಕೆ ಅಲ್ಲಿ ಗಾಳಿಯೇ ಇಲ್ಲ. ಅಮೆರಿಕದ ಇರಿಡಿಯಂ ಕಂಪನಿಯವರಿಗೆ ಮೊದಲು ಗೊತ್ತಾದದ್ದು ಇಷ್ಟೇ: ತಮ್ಮ 33ನೇ ನಂಬರಿನ ಉಪಗ್ರಹ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದೆ. ಆಮೇಲೆ ರೇಡಾರ್‌ಗಳಲ್ಲಿ ಒಂದೊಂದೇ ಚುಕ್ಕೆ ಇರಬೇಕಾದ ಕಡೆ ಚುಕ್ಕೆಗಳ ಹಿಂಡು ಕಾಣಿಸತೊಡಗಿತು.

ಗುದ್ದಿದ ಇನ್ನೊಂದರ ಹೆಸರು ಕೊಸ್ಮೋಸ್ 2251. ರಷ್ಯಾ ಸೇನೆಯ ಸಂಪರ್ಕ ಉಪಗ್ರಹ. ಅದು ಕೆಲಸ ನಿಲ್ಲಿಸಿ ಆಗಲೇ 14 ವರ್ಷ ಆಗಿತ್ತು. ಇಡಿಯಾಗಿದ್ದ ಎರಡು ಉಪಗ್ರಹಗಳು ಆಕಸ್ಮಿಕವಾಗಿ ಡಿಕ್ಕಿ ಹೊಡೆದದ್ದು ಅದೇ ಮೊದಲು.

ಹೆಚ್ಚಿನವರು ಇದನ್ನು ಬಾಹ್ಯಾಕಾಶದ ಅಪಘಾತ ಅಂತ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನನಗೆ ಅದು ಸಾಲದು ಅನ್ನಿಸುತ್ತದೆ. ಈ ಪ್ರಕರಣವನ್ನು ಬಿಡಿಸಿ ನೋಡುತ್ತಾ ಹೋದರೆ ಇದರ ಬೀಜ ಬಿದ್ದದ್ದು ಬಹಳ ಹಿಂದೆ, ಆ ಉಪಗ್ರಹದ ನಕ್ಷೆ ಬರೆದ ಮೇಜಿನ ಮೇಲೆ ಅಂತ ಗೊತ್ತಾಗುತ್ತದೆ. ಅದು ಹೇಗೆ ಅಂತ ವಿವರವಾಗಿ ಹೇಳುತ್ತೇನೆ.

ಅದು ಎಂಥ ಉಪಗ್ರಹ

ಕೊಸ್ಮೋಸ್ ಅಂದ ಕೂಡಲೇ ಒಂದೇ ಜಾತಿಯ ಉಪಗ್ರಹಗಳ ಸಾಲು ಅಂದುಕೊಳ್ಳಬೇಡಿ. 1962ರ ಮಾರ್ಚ್‌ನಿಂದ ಸೋವಿಯತ್ ಒಕ್ಕೂಟ ತನ್ನ ಬೇಹುಗಾರಿಕೆಯ ಉಪಗ್ರಹಕ್ಕೂ, ಸೇನೆಯದಕ್ಕೂ, ಪ್ರಯೋಗಕ್ಕೆ ಕಳಿಸಿದ್ದಕ್ಕೂ, ಎಷ್ಟೋ ಸಲ ದಾರಿಯಲ್ಲೇ ಕೆಟ್ಟುಹೋದದ್ದಕ್ಕೂ ಇದೇ ಹೆಸರು ಇಟ್ಟು ಮುಂದಿನ ನಂಬರ್ ಹಾಕುತ್ತಾ ಬಂತು. ಒಳಗೆ ಏನಿದೆ ಅಂತ ಹೊರಗಿನವರಿಗೆ ತಿಳಿಯಬಾರದಿತ್ತು. 2251ರ ಒಳಗಿದ್ದದ್ದು ಸ್ತ್ರೆಲಾ-2ಎಂ. ಸ್ತ್ರೆಲಾ ಅಂದರೆ ರಷ್ಯನ್ ಭಾಷೆಯಲ್ಲಿ ಬಾಣ.

1993ರ ಜೂನ್ 16ರಂದು ಉತ್ತರ ರಷ್ಯಾದ ಪ್ಲೆಸೆತ್ಸ್ಕ್ ನೆಲೆಯಿಂದ ಕೊಸ್ಮೋಸ್-3ಎಂ ರಾಕೆಟ್ ಇದನ್ನು ಹೊತ್ತೊಯ್ದಿತು. ತಾರೀಖು ನೋಡಿದರೆ ಇದು ರಷ್ಯಾದ್ದು, ಯಾಕೆಂದರೆ ಸೋವಿಯತ್ ಒಕ್ಕೂಟ 1991ರ ಡಿಸೆಂಬರ್‌ನಲ್ಲೇ ಮುಗಿದುಹೋಗಿತ್ತು. ಆದರೆ ವಿನ್ಯಾಸ, ರಾಕೆಟ್, ನೆಲೆ ಎಲ್ಲವೂ ಸೋವಿಯತ್ ಕಾಲದ್ದೇ. ವಿನ್ಯಾಸ ಮಾಡಿದ್ದು ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್-26 ಅನ್ನುವ ಮುಚ್ಚಿದ ಊರಿನಲ್ಲಿ, ಮಿಖಾಯಿಲ್ ರೆಶೆತ್ನೆವ್ ಅವರ ಸಂಸ್ಥೆ. ಆ ಊರು ಸೋವಿಯತ್ ಕಾಲದ ಭೂಪಟದಲ್ಲೇ ಇರಲಿಲ್ಲ. ಈಗ ಅದರ ಹೆಸರು ಜೆಲೆಜ್ನೊಗೊರ್ಸ್ಕ್. 1970ರ ದಶಕದಿಂದ ಇದೇ ಅಚ್ಚಿನ ಸ್ತ್ರೆಲಾಗಳು ಒಂದರ ಹಿಂದೆ ಒಂದು ಮೇಲೆ ಹೋಗುತ್ತಿದ್ದವು.

ಇದರ ಕೆಲಸ ಹೆಚ್ಚು ಕಡಿಮೆ ಅಂಚೆಯಣ್ಣನದು. ಟಿವಿ ಚಾನೆಲ್ ತೋರಿಸುವ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತ ಹಾಗೆ ಇರುತ್ತವೆ ಅಲ್ವಾ, ಸ್ತ್ರೆಲಾ ಹಾಗಲ್ಲ. ಇದು 800 ಕಿ.ಮೀ. ಆಸುಪಾಸಿನಲ್ಲಿ ನೂರು ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಅಷ್ಟು ತಗ್ಗಿನಿಂದ ಮಾಸ್ಕೋವನ್ನೂ ದೂರದ ಸಮುದ್ರದಲ್ಲಿರುವ ಹಡಗನ್ನೂ ಒಟ್ಟಿಗೆ ನೋಡೋಕೆ ಆಗುವುದಿಲ್ಲ. ಹಾಗಾಗಿ ಹಡಗಿನ ಮೇಲೆ ಹಾದು ಹೋಗುವಾಗ ಸಂದೇಶ ತೆಗೆದುಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತದೆ, ಇನ್ನರ್ಧ ಸುತ್ತು ಹೋಗಿ ಮಾಸ್ಕೋ ಕಂಡಾಗ ಚೀಲ ಬಿಚ್ಚಿ ಕೆಳಗೆ ಸುರಿಯುತ್ತದೆ. ತುರ್ತಿಲ್ಲದ ಸಂದೇಶಕ್ಕೆ ಇದು ಧಾರಾಳ ಸಾಕು. ಸೇನೆಯವರಿಗೂ ಗುಪ್ತಚರದವರಿಗೂ ಇಂಥದ್ದೇ ಬೇಕಿತ್ತು.

ರೂಪ ನೋಡಿದರೆ ಸುಮಾರು 2 ಮೀಟರ್ ಅಗಲದ ಡ್ರಮ್ಮು. ತೂಕ 900 ಕಿಲೋ. ಮೈ ತುಂಬ ಸೌರಕೋಶ ಅಂಟಿಸಿದ್ದಾರೆ. ತಲೆಯಿಂದ ಉದ್ದಕ್ಕೆ ಚಾಚಿದ ಒಂದು ಕೋಲು. ಆ ಕೋಲು ಯಾಕೆ ಗೊತ್ತಾ? ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ನೋಡೋಕೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಹೆಚ್ಚು ಕಡಿಮೆ ಅದೇ ತತ್ವ. ಉದ್ದವಾದ ವಸ್ತುವಿನ ಎರಡು ತುದಿಗಳ ಮೇಲೆ ಭೂಮಿಯ ಸೆಳೆತ ಚೂರು ಚೂರು ಬೇರೆ ಇರುತ್ತದೆ. ಆ ಸಣ್ಣ ವ್ಯತ್ಯಾಸವೇ ಉಪಗ್ರಹವನ್ನು ನೆಟ್ಟಗೆ ನಿಲ್ಲಿಸಿ, ಅದರ ಆಂಟೆನಾ ಸದಾ ಕೆಳಗೆ ನೋಡುವ ಹಾಗೆ ಮಾಡುತ್ತದೆ. ದಿಕ್ಕು ತಿರುಗಿಸುವ ಚಕ್ರ ಬೇಡ, ಇಂಧನ ಬೇಡ. ಮೆಚ್ಚಬೇಕಾದ ಜಾಣತನ. ಅಗ್ಗದಲ್ಲಿ ಆಗುತ್ತದೆ, ಕೆಡುವಂಥ ಭಾಗಗಳೂ ಕಡಿಮೆ.

ಎಂಜಿನ್ ಮಾತ್ರ ಇಲ್ಲ. ರಾಕೆಟ್ ಬಿಟ್ಟ ಜಾಗದಿಂದ ಒಂದು ಮೀಟರ್ ಆಚೆ ಈಚೆ ಸರಿಯುವ ಶಕ್ತಿ ಅದಕ್ಕೆ ಹುಟ್ಟಿನಿಂದಲೇ ಇರಲಿಲ್ಲ.

ಈಗ ಎತ್ತರದ ಲೆಕ್ಕಕ್ಕೆ ಬನ್ನಿ. 400 ಕಿ.ಮೀ.ನಲ್ಲಿ ಹಾರಿಸಿದರೆ ತೆಳ್ಳಗಿನ ಗಾಳಿ ಅದನ್ನು ಬೇಗ ಕೆಳಕ್ಕೆ ಎಳೆಯುತ್ತದೆ, ಎಂಜಿನ್ ಇಲ್ಲದಿದ್ದರೆ ನಿಲ್ಲುವುದಿಲ್ಲ. 800ರಲ್ಲಿ ಗಾಳಿ ಇಲ್ಲವೆನ್ನುವಷ್ಟು ಕಡಿಮೆ. ನೆಲವೂ ಜಾಸ್ತಿ ಕಾಣುತ್ತದೆ. ಎಂಜಿನ್ ಇಲ್ಲದ ಅಗ್ಗದ ಉಪಗ್ರಹಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಅದೇ ಗಾಳಿ ಇಲ್ಲದ ಕಾರಣಕ್ಕೆ ಅದು ಕೆಟ್ಟ ಮೇಲೂ ಕೆಳಗೆ ಬರುವುದಿಲ್ಲ, ಒಂದೆರಡು ವರ್ಷವಲ್ಲ, ಹಲವು ದಶಕ. ಉಪಗ್ರಹವನ್ನು ಅಗ್ಗ ಮಾಡಿದ ತೀರ್ಮಾನವೇ ಅದನ್ನು ಅಲ್ಲಿ ಕಾಯಂ ಮಾಡಿತು. ನಾನು ಮೊದಲು ಹೇಳಿದ ಬೀಜ ಇದೇ.

1995ರಲ್ಲಿ, ಅಂದರೆ ಹಾರಿದ ಎರಡೇ ವರ್ಷಕ್ಕೆ, ಕೊಸ್ಮೋಸ್ 2251 ಕೆಲಸ ನಿಲ್ಲಿಸಿತು. ಇದನ್ನು ಡಿಕ್ಕಿಯ ನಂತರ ರಷ್ಯಾದ ಬಾಹ್ಯಾಕಾಶ ಪಡೆಯ ಅಧಿಕಾರಿ ಅಲೆಕ್ಸಾಂಡರ್ ಯಾಕುಶಿನ್ ಅವರೇ ಹೇಳಿದರು. ಆಮೇಲೆ ಅದು ಸುಮ್ನೆ ಸುತ್ತುತ್ತಾ ಉಳಿಯಿತು. ದಿನಕ್ಕೆ 14 ಸುತ್ತಿಗಿಂತ ಸ್ವಲ್ಪ ಜಾಸ್ತಿ. ಹಾರಿದ ದಿನದಿಂದ ಡಿಕ್ಕಿಯ ದಿನದವರೆಗೆ ಲೆಕ್ಕ ಹಾಕಿದರೆ 80 ಸಾವಿರ ಸುತ್ತು ದಾಟುತ್ತದೆ.

ಎದುರು ಬಂದದ್ದು

ಇರಿಡಿಯಂ ಕಥೆ ಬಹಳ ಜನರಿಗೆ ಗೊತ್ತು, ಹಾಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಭೂಮಿಯ ಯಾವ ಮೂಲೆಯಿಂದಾದರೂ ಕೈಫೋನಿನಲ್ಲಿ ಮಾತಾಡಬೇಕು ಅಂತ ಮೊಟೊರೊಲಾ ಕಂಪನಿ ಹಾಕಿದ ಯೋಜನೆ. ಮೊದಲು 77 ಉಪಗ್ರಹ ಅಂದುಕೊಂಡಿದ್ದರು. ಇರಿಡಿಯಂ ಲೋಹದ ಪರಮಾಣು ಸಂಖ್ಯೆ 77, ಅದಕ್ಕೇ ಆ ಹೆಸರು. ಕೊನೆಗೆ 66 ಸಾಕು ಅಂತಾಯಿತು, ಹೆಸರು ಉಳಿಯಿತು. ಸುಮಾರು 500 ಕೋಟಿ ಡಾಲರ್ ಸುರಿದು ಕಟ್ಟಿದ ಕಂಪನಿ 1999ರಲ್ಲಿ ದಿವಾಳಿ ಎದ್ದಿತು. ಹೊಸಬರು ಅದನ್ನು ಬರೀ ಎರಡೂವರೆ ಕೋಟಿ ಡಾಲರಿಗೆ ಕೊಂಡು ನಡೆಸಿಕೊಂಡು ಬಂದರು.

1997ರ ಸೆಪ್ಟೆಂಬರ್ 14ರಂದು ಬೈಕನೂರಿನಿಂದ ರಷ್ಯಾದ ಪ್ರೋಟಾನ್ ರಾಕೆಟ್‌ನಲ್ಲಿ ಏಳು ಇರಿಡಿಯಂಗಳು ಒಟ್ಟಿಗೆ ಹೋದವು. ಅದರಲ್ಲಿ ಒಂದು ಇರಿಡಿಯಂ 33. ಅಂದರೆ ಗುದ್ದಿಕೊಂಡ ಎರಡನ್ನೂ ಮೇಲೆ ಒಯ್ದದ್ದು ರಷ್ಯಾದ ರಾಕೆಟ್‌ಗಳೇ.

ಆಕಾಶ ನೋಡುವ ಹವ್ಯಾಸ ಇದ್ದವರಿಗೆ ಇರಿಡಿಯಂ ಮೇಲೆ ಒಂದು ಪ್ರೀತಿ ಇತ್ತು. ಅದರ ಮೈಮೇಲೆ ಬಾಗಿಲಿನಷ್ಟು ದೊಡ್ಡ ಮೂರು ಆಂಟೆನಾ ಹಲಗೆ, ಕನ್ನಡಿಯ ಹಾಗೆ ಹೊಳಪು. ಸೂರ್ಯನ ಬೆಳಕು ಸರಿಯಾದ ಕೋನದಲ್ಲಿ ಬಿದ್ದರೆ ಕೆಲವು ಸೆಕೆಂಡ್ ಶುಕ್ರ ಗ್ರಹವನ್ನೂ ಮೀರಿಸಿ ಝಗ್ ಅಂತ ಹೊಳೆದು ಆರಿಹೋಗುತ್ತಿತ್ತು. ಎಷ್ಟು ಗಂಟೆಗೆ, ಯಾವ ದಿಕ್ಕಿಗೆ ಅಂತ ಮೊದಲೇ ಲೆಕ್ಕ ಹಾಕಿ ಮಕ್ಕಳನ್ನು ತಾರಸಿಗೆ ಕರೆದೊಯ್ದು ತೋರಿಸಬಹುದಿತ್ತು. ಅಷ್ಟು ನಿಖರವಾಗಿ ಹೇಳಬಹುದಾಗಿದ್ದ ಉಪಗ್ರಹಕ್ಕೆ ಡಿಕ್ಕಿ ಆಗುತ್ತದೆ ಅಂತ ಹೇಳೋಕೆ ಯಾಕೆ ಆಗಲಿಲ್ಲ? ಈ ಪ್ರಶ್ನೆ ಸಹಜ. ಉತ್ತರ ಅಳತೆಯಲ್ಲಿದೆ. ಹೊಳಪು ನೋಡೋಕೆ ಒಂದೆರಡು ಕಿ.ಮೀ. ತಪ್ಪಾದರೂ ನಡೆಯುತ್ತದೆ. ಡಿಕ್ಕಿ ಹೇಳೋಕೆ ಹತ್ತು ಮೀಟರ್ ತಪ್ಪಾದರೂ ಮುಗಿಯಿತು.

ಅಡ್ಡರಸ್ತೆ

ಇರಿಡಿಯಂ ಉಪಗ್ರಹಗಳು ಹೆಚ್ಚು ಕಡಿಮೆ ಧ್ರುವದಿಂದ ಧ್ರುವಕ್ಕೆ ಓಡುತ್ತವೆ, ಭೂಮಧ್ಯ ರೇಖೆಗೆ 86.4 ಡಿಗ್ರಿ ಓರೆಯಲ್ಲಿ. ಕೊಸ್ಮೋಸ್ 2251ರ ಓರೆ 74 ಡಿಗ್ರಿ. ಅಂದರೆ ಅದು ಉತ್ತರಕ್ಕೆ 74 ಡಿಗ್ರಿ ಅಕ್ಷಾಂಶದವರೆಗೆ ಹತ್ತಿ, ಅಲ್ಲಿಂದ ತಿರುಗಿ ಕೆಳಗಿಳಿಯುತ್ತದೆ. ತಿರುವಿನ ಹತ್ತಿರ ಅದರ ಓಟ ಬಹುಪಾಲು ಪೂರ್ವಕ್ಕೆ. ಡಿಕ್ಕಿ ಆದದ್ದು 72 ಡಿಗ್ರಿ ದಾಟಿದ ಮೇಲೆ, ಆ ತಿರುವಿನ ಹತ್ತಿರವೇ. ಪೂರ್ವದ ಕಡೆ ಓಡುತ್ತಿದ್ದದ್ದಕ್ಕೂ ಉತ್ತರ-ದಕ್ಷಿಣ ಓಡುತ್ತಿದ್ದದ್ದಕ್ಕೂ ನಡುವೆ 100 ಡಿಗ್ರಿ ಹತ್ತಿರದ ಕೋನ. ಊರಿನ ಸರ್ಕಲ್‌ನಲ್ಲಿ ಒಂದು ಗಾಡಿ ನೇರ ಬಂದು ಇನ್ನೊಂದು ಅಡ್ಡ ಬಂದ ಹಾಗೆ.

ಎರಡೂ ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ಓಡುತ್ತಿದ್ದವು. ಅಡ್ಡಡ್ಡ ಬಂದದ್ದರಿಂದ ಒಂದಕ್ಕೆ ಹೋಲಿಸಿದರೆ ಇನ್ನೊಂದರ ವೇಗ ಸೆಕೆಂಡಿಗೆ 11.7 ಕಿ.ಮೀ. ರೈಫಲ್ ಗುಂಡು ಸೆಕೆಂಡಿಗೆ ಒಂದು ಕಿ.ಮೀ. ಆಸುಪಾಸು ಹೋಗುತ್ತದೆ. ಅದರ ಹನ್ನೊಂದು ಹನ್ನೆರಡು ಪಟ್ಟು ವೇಗದಲ್ಲಿ 900 ಕಿಲೋದ ಡ್ರಮ್ಮು ಬಂದರೆ ಹೇಗಿರುತ್ತದೆ ನೋಡಿ. ಐದು ಮೀಟರ್ ದೂರ ದಾಟೋಕೆ ಅರ್ಧ ಮಿಲಿಸೆಕೆಂಡ್ ಕೂಡ ಬೇಡ.

ಇನ್ನೊಂದು ಲೆಕ್ಕ ನನ್ನನ್ನು ಬಹಳ ಕಾಡಿದೆ. ಕೊಸ್ಮೋಸ್ ಆ ಅಡ್ಡರಸ್ತೆಗೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ತಡವಾಗಿ ಬಂದಿದ್ದರೆ ಏಳೂವರೆ ಮೀಟರ್ ಹಿಂದೆ ಇರುತ್ತಿತ್ತು. ಅಷ್ಟು ಸಾಕಿತ್ತು, ಬಹುಶಃ ಎರಡೂ ಉಳಿಯುತ್ತಿದ್ದವು. 80 ಸಾವಿರ ಸುತ್ತು ಏನೂ ಆಗದೆ ಕಳೆದದ್ದೂ, ಕೊನೆಗೊಂದು ಸುತ್ತಿನಲ್ಲಿ ಸಿಕ್ಕಿಹಾಕಿಕೊಂಡದ್ದೂ ಇಂಥ ಕೂದಲೆಳೆಯ ಅಂತರದಿಂದ.

ಪಟ್ಟಿಯಲ್ಲಿ ಇತ್ತು

ಈ ಪ್ರಕರಣದ ಅತಿ ಮುಖ್ಯ ಭಾಗ ಇದು, ನಿಧಾನವಾಗಿ ಓದಿ.

ಅಮೆರಿಕದ ಸೇನೆ ರೇಡಾರ್ ಮತ್ತು ದೂರದರ್ಶಕಗಳಿಂದ ಮೇಲಿರುವ ವಸ್ತುಗಳನ್ನು ನೋಡಿ ಪ್ರತಿಯೊಂದಕ್ಕೂ ಎರಡು ಸಾಲಿನ ಒಂದು ಲೆಕ್ಕ ಹೊರಡಿಸುತ್ತದೆ. ಈ ವಸ್ತು ಇಂಥ ಹೊತ್ತಿನಲ್ಲಿ ಇಂಥ ಕಕ್ಷೆಯಲ್ಲಿತ್ತು ಅಂತ. ಅದನ್ನು ಯಾರು ಬೇಕಾದರೂ ಬಳಸಬಹುದು. ಟಿ.ಎಸ್. ಕೆಲ್ಸೋ ಅವರು ನಡೆಸುವ ಸೆಲೆಸ್‌ಟ್ರ್ಯಾಕ್ ಅನ್ನುವ ವೆಬ್‌ಸೈಟ್ ಅದೇ ಲೆಕ್ಕ ಇಟ್ಟುಕೊಂಡು, ಮುಂದಿನ ಏಳು ದಿನದಲ್ಲಿ ಯಾವ ಉಪಗ್ರಹದ ಹತ್ತಿರ ಯಾವುದು ಹಾದುಹೋಗುತ್ತದೆ ಅಂತ ಪಟ್ಟಿ ಮಾಡುತ್ತಿತ್ತು. ಆ ಪಟ್ಟಿಯ ಹೆಸರು ಸಾಕ್ರಟೀಸ್.

ಫೆಬ್ರವರಿ 10ರ ಪಟ್ಟಿಯಲ್ಲಿ ಇರಿಡಿಯಂ 33 ಮತ್ತು ಕೊಸ್ಮೋಸ್ 2251 ಜೋಡಿ ಇತ್ತು. ಎಷ್ಟು ಹತ್ತಿರ ಬರುತ್ತವೆ ಅಂತಲೂ ಬರೆದಿತ್ತು: 584 ಮೀಟರ್. ಅರ್ಧ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅದಕ್ಕಿಂತ ಹತ್ತಿರ ಬರುವ ಜೋಡಿಗಳು ಅದೇ ಪಟ್ಟಿಯಲ್ಲಿ ಬೇಕಾದಷ್ಟು ಇದ್ದವು. ಇರಿಡಿಯಂ ಉಪಗ್ರಹಗಳನ್ನು ಮಾತ್ರ ತೆಗೆದುಕೊಂಡರೂ ಇದು ಮೊದಲ ಹತ್ತರಲ್ಲಿ ಬರುತ್ತಿರಲಿಲ್ಲ. ಹಿಂದಿನ ದಿನಗಳ ಪಟ್ಟಿ ತೆಗೆದು ನೋಡಿದರೆ ಇದೇ ಜೋಡಿಗೆ ಒಂದು ದಿನ 117 ಮೀಟರ್, ಇನ್ನೊಂದು ದಿನ 1.8 ಕಿ.ಮೀ. ಅಂತ ಬಂದಿದೆ. ಲೆಕ್ಕ ಅಷ್ಟು ಓಲಾಡುತ್ತಿತ್ತು.

ಯಾಕೆ ಓಲಾಡುತ್ತದೆ? ಆ ಎರಡು ಸಾಲಿನ ಲೆಕ್ಕದ ನಿಖರತೆಯೇ ಕಿಲೋಮೀಟರ್ ಅಳತೆಯದು. ಮೇಲಿನ ಗಾಳಿಯ ದಪ್ಪ ಸೂರ್ಯನ ಚಟುವಟಿಕೆಗೆ ತಕ್ಕಂತೆ ದಿನ ದಿನ ಬದಲಾಗುತ್ತದೆ. ಸತ್ತ ಉಪಗ್ರಹ ಹೇಗೆ ಉರುಳುತ್ತಿದೆಯೋ ಅದರ ಮೇಲೆ ಗಾಳಿಯ ತಡೆ ಎಷ್ಟು ಅನ್ನುವುದು ನಿಂತಿದೆ. ಕೆಲವು ದಿನ ಮುಂಚೆ ಹೇಳುವಾಗ ಈ ಸಣ್ಣ ಸಣ್ಣ ತಪ್ಪುಗಳು ಸೇರಿ ದೊಡ್ಡದಾಗುತ್ತವೆ.

ಈಗ ಇರಿಡಿಯಂ ನಡೆಸುವವರ ಕುರ್ಚಿಯಲ್ಲಿ ಕೂತು ನೋಡಿ. ಡಿಕ್ಕಿಗೆ ಎರಡು ವರ್ಷ ಮುಂಚೆ, 2007ರಲ್ಲಿ, ಆ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಒಂದು ಸಭೆಯಲ್ಲಿ ಹೇಳಿದ್ದರು: ನಮ್ಮ ಉಪಗ್ರಹಗಳ 5 ಕಿ.ಮೀ. ಒಳಗೆ ಏನೋ ಒಂದು ಹಾದುಹೋಗುತ್ತದೆ ಅನ್ನುವ ವರದಿ ವಾರಕ್ಕೆ ಸರಾಸರಿ 400 ಬರುತ್ತವೆ. 400! ಪ್ರತಿ ಸಲ ಸರಿಸಿದರೆ ಇಂಧನ ಖರ್ಚು, ಇಂಧನ ಮುಗಿದರೆ ಉಪಗ್ರಹ ಮುಗಿಯಿತು. ಅದಕ್ಕಿಂತ ಮುಖ್ಯ, ಲೆಕ್ಕದಲ್ಲೇ ಕಿಲೋಮೀಟರ್ ತಪ್ಪಿರುವಾಗ ಸರಿಸಿದರೆ ತಪ್ಪಿಸಿಕೊಳ್ಳುತ್ತೇವೋ, ಇಲ್ಲ ನಾವೇ ಹೋಗಿ ಅದರ ಎದುರು ನಿಲ್ಲುತ್ತೇವೋ ಹೇಳೋಕೆ ಬರುವುದಿಲ್ಲ. ಹಾಗಾಗಿ ಅವರು ಸರಿಸಲಿಲ್ಲ.

ತೋಳ ಬಂತು ತೋಳ ಕಥೆಯ ಹುಡುಗ ಸುಳ್ಳು ಹೇಳುತ್ತಿದ್ದ. ಈ ಪಟ್ಟಿ ಸುಳ್ಳು ಹೇಳುತ್ತಿರಲಿಲ್ಲ, ತನಗೆ ಗೊತ್ತಿದ್ದಷ್ಟನ್ನು ಪ್ರಾಮಾಣಿಕವಾಗಿ ಹೇಳುತ್ತಿತ್ತು. ಆದರೆ ವಾರಕ್ಕೆ 400 ಸಲ ಕೂಗು ಕೇಳಿದರೆ ನಿಜವಾದ ಕೂಗು ಯಾವುದು ಅಂತ ಗುರುತಿಸುವ ದಾರಿ ಕೇಳುವವರ ಹತ್ತಿರ ಇರಲಿಲ್ಲ.

ಇದಕ್ಕಿಂತ ನಿಖರವಾದ ಲೆಕ್ಕ ಇತ್ತು. ಅಮೆರಿಕದ ಸೇನೆಯ ಹತ್ತಿರವೇ ಇತ್ತು. ಆದರೆ ಅದನ್ನು ಬಳಸಿ ದಿನವೂ ಕಾಯುತ್ತಿದ್ದದ್ದು ಮನುಷ್ಯರಿರುವ ಬಾಹ್ಯಾಕಾಶ ನಿಲ್ದಾಣ, ಶಟಲ್, ಮತ್ತೆ ಅವರಿಗೆ ಮುಖ್ಯ ಅನ್ನಿಸಿದ ಕೆಲವು ಉಪಗ್ರಹಗಳನ್ನು ಮಾತ್ರ. ಫೋನ್ ಕಂಪನಿಯ 66ರಲ್ಲಿ ಒಂದಾದ ಇರಿಡಿಯಂ 33 ಆ ಸಾಲಿನಲ್ಲಿ ಇರಲಿಲ್ಲ. ಆಗ ಅಷ್ಟೆಲ್ಲ ಉಪಗ್ರಹಗಳನ್ನು ನೋಡುವಷ್ಟು ಜನ, ಕಂಪ್ಯೂಟರ್ ಇರಲಿಲ್ಲ ಅನ್ನುವುದು ನಿಜ. ಆದರೂ ನನಗೆ ಇಲ್ಲಿ ಬೇಸರ ಆಗುತ್ತದೆ. ಸರಿಯಬಲ್ಲ ಉಪಗ್ರಹಕ್ಕೆ ಸುದ್ದಿ ಇರಲಿಲ್ಲ, ಸುದ್ದಿ ಇದ್ದವರು ಅದರ ಕಡೆ ನೋಡಿರಲಿಲ್ಲ, ಎದುರು ಬರುತ್ತಿದ್ದದ್ದಕ್ಕೆ ಸರಿಯುವ ಶಕ್ತಿಯೇ ಇರಲಿಲ್ಲ.

ಚೂರುಗಳು

ಡಿಕ್ಕಿ ಆದ ಮೇಲೆ ಎರಡೂ ಅಲ್ಲೇ ನಿಂತುಬಿಡುತ್ತವೆ ಅಂತ ಹಲವರು ಅಂದುಕೊಳ್ಳುತ್ತಾರೆ. ಹಾಗೆ ಆಗುವುದಿಲ್ಲ. ಇಷ್ಟು ವೇಗದಲ್ಲಿ ಲೋಹ ಲೋಹಕ್ಕೆ ತಾಗಿದರೆ ಹೊಡೆತದ ಅಲೆ ಎರಡರ ಮೈಯಲ್ಲೂ ಹರಿದು ಅವನ್ನು ಪುಡಿ ಮಾಡುತ್ತದೆ, ಆದರೆ ಚೂರುಗಳು ತಮ್ಮ ತಮ್ಮ ದಾರಿಯಲ್ಲೇ ಓಡುತ್ತವೆ. ಕೊಸ್ಮೋಸ್‌ನ ಚೂರು ಕೊಸ್ಮೋಸ್‌ನ ದಾರಿ, ಇರಿಡಿಯಂನ ಚೂರು ಇರಿಡಿಯಂನ ದಾರಿ. ಎರಡು ಮೋಡಗಳು ಒಂದರೊಳಗೊಂದು ತೂರಿಕೊಂಡು ಆಚೆ ಬಂದ ಹಾಗೆ.

ಕೆಲವು ಚೂರಿಗೆ ಮುಂದಕ್ಕೆ ತಳ್ಳು ಸಿಕ್ಕಿತು, ಅವು ಮೇಲಿನ ಕಕ್ಷೆಗೆ ಏರಿದವು, 1,000 ಕಿ.ಮೀ. ಮೀರಿ ಹೋದವೂ ಇವೆ. ಕೆಲವಕ್ಕೆ ಹಿಂದಕ್ಕೆ ತಳ್ಳು, ಅವು ಕೆಳಕ್ಕೆ ಜಾರಿದವು. ಎತ್ತರ ಬೇರೆಯಾದರೆ ಸುತ್ತಿನ ಸಮಯವೂ ಬೇರೆ. ಹಾಗಾಗಿ ಕೆಲವೇ ದಿನದಲ್ಲಿ ಮೋಡ ಉದ್ದಕ್ಕೆ ಎಳೆದುಕೊಂಡು ಇಡೀ ಕಕ್ಷೆಯ ತುಂಬ ಬಳೆಯ ಹಾಗೆ ಹರಡಿತು. ಆಮೇಲೆ ಭೂಮಿಯ ಹೊಟ್ಟೆ ಉಬ್ಬಿರುವುದರಿಂದ ಒಂದೊಂದು ಚೂರಿನ ಕಕ್ಷೆಯ ಸಮತಲವೂ ಒಂದೊಂದು ವೇಗದಲ್ಲಿ ಮೆಲ್ಲಗೆ ತಿರುಗತೊಡಗಿತು. 74 ಡಿಗ್ರಿ ಓರೆಯ ಕೊಸ್ಮೋಸ್ ಚೂರುಗಳು ದಿನಕ್ಕೆ ಸುಮಾರು 1.8 ಡಿಗ್ರಿ, ಇರಿಡಿಯಂನವು ಅರ್ಧ ಡಿಗ್ರಿಗಿಂತ ಕಡಿಮೆ. ಬಳೆ ಬಿಚ್ಚಿಕೊಂಡು ಕೊನೆಗೆ ಭೂಮಿಯ ಸುತ್ತ ಒಂದು ಸಿಪ್ಪೆಯ ಹಾಗಾಯಿತು.

ರೇಡಾರ್‌ಗೆ ಸಿಕ್ಕು ಪಟ್ಟಿಗೆ ಸೇರಿದ ದೊಡ್ಡ ಚೂರುಗಳೇ ವರ್ಷಗಳಲ್ಲಿ ಸುಮಾರು 2,300 ಆದವು. ಮುಕ್ಕಾಲು ಪಾಲು ಕೊಸ್ಮೋಸ್‌ನದು. ರೇಡಾರ್‌ಗೆ ಸಿಗದ ಸಣ್ಣವು ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಮತ್ತೆ ಒಂದು ಉಪಗ್ರಹವನ್ನು ಕೆಡಿಸೋಕೆ ಸೆಂಟಿಮೀಟರ್ ಗಾತ್ರದ್ದು ಸಾಕು. ಎರಡೇ ವರ್ಷ ಮುಂಚೆ, 2007ರ ಜನವರಿ 11ರಂದು, ಚೀನಾ ತನ್ನದೇ ಹಳೆಯ ಹವಾಮಾನ ಉಪಗ್ರಹ ಫೆಂಗ್‌ಯುನ್-1ಸಿಯನ್ನು ಕ್ಷಿಪಣಿಯಿಂದ ಒಡೆದು 3,000ಕ್ಕೂ ಹೆಚ್ಚು ಚೂರು ಮಾಡಿತ್ತು, ಅದೂ 865 ಕಿ.ಮೀ.ನಲ್ಲಿ. ಎರಡೂ ಸೇರಿ ಆ ಎತ್ತರವನ್ನು ಹಾಳುಗೆಡವಿದವು. ಡಿಕ್ಕಿಯ ಚೂರು ಮತ್ತೊಂದಕ್ಕೆ ಡಿಕ್ಕಿ, ಅದರ ಚೂರು ಇನ್ನೊಂದಕ್ಕೆ, ಹೀಗೆ ತನ್ನಷ್ಟಕ್ಕೆ ಬೆಳೆಯುವ ಕಾಲ ಬರಬಹುದು ಅಂತ ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೇ 1978ರಲ್ಲೇ ಬರೆದಿದ್ದರು. 2009ರ ತನಕ ಅದು ಬಹಳ ಜನರಿಗೆ ಬರೀ ಲೆಕ್ಕವಾಗಿತ್ತು.

ಜನಕ್ಕೆ ಆಗ ಎಷ್ಟು ಗಾಬರಿ ಇತ್ತು ಅನ್ನುವುದಕ್ಕೆ ಒಂದು ಘಟನೆ. ಡಿಕ್ಕಿಯಾಗಿ ಐದು ದಿನಕ್ಕೆ, ಫೆಬ್ರವರಿ 15ರಂದು, ಟೆಕ್ಸಾಸ್‌ನಲ್ಲಿ ಹಾಡಹಗಲೇ ಬೆಂಕಿಯ ಉಂಡೆಯೊಂದು ಆಕಾಶ ಸೀಳಿಕೊಂಡು ಹೋಯಿತು. ಆಸ್ಟಿನ್‌ನಲ್ಲಿ ಮ್ಯಾರಥಾನ್ ಚಿತ್ರೀಕರಿಸುತ್ತಿದ್ದ ಟಿವಿ ಕ್ಯಾಮೆರಾದಲ್ಲೂ ಅದು ಸಿಕ್ಕಿತು. ಉಪಗ್ರಹದ ಚೂರು ಬೀಳುತ್ತಿರಬಹುದು ಅಂತ ಅಮೆರಿಕದ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆ ಎಚ್ಚರಿಕೆ ಕೊಟ್ಟು, ಆಮೇಲೆ ವಾಪಸ್ ತೆಗೆದುಕೊಂಡಿತು. ಅದು ಉಲ್ಕೆ. ವೆಸ್ಟ್ ಅನ್ನುವ ಊರಿನ ಹತ್ತಿರ ಹೊಲಗಳಲ್ಲಿ ಅದರ ಕಲ್ಲುಗಳು ಸಿಕ್ಕವು. 800 ಕಿ.ಮೀ. ಮೇಲಿನ ಚೂರು ಐದು ದಿನಕ್ಕೆ ಹಾಗೆ ಬೀಳುವುದಿಲ್ಲ. ಬೇಗ ಬೀಳುವುದಿಲ್ಲ ಅನ್ನುವುದೇ ತಾನೇ ತೊಂದರೆ.

ಮೆಲ್ಲಗೆ ಬೀಳುತ್ತವೆ, ಬೀಳುವಾಗ ಕೆಳಗಿನವರನ್ನೆಲ್ಲ ದಾಟಿಕೊಂಡೇ ಬರಬೇಕು. 2012ರ ಮಾರ್ಚ್ 24ರಂದು ಕೊಸ್ಮೋಸ್ 2251ರ ಒಂದು ಚೂರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹತ್ತಿರ ಬರುತ್ತಿದೆ ಅಂತ ಗೊತ್ತಾಯಿತು. ನಿಲ್ದಾಣವನ್ನು ಸರಿಸುವಷ್ಟು ಸಮಯ ಇರಲಿಲ್ಲ. ಒಳಗಿದ್ದ ಆರೂ ಜನ ಎರಡು ಸೋಯುಜ್ ನೌಕೆಗಳಲ್ಲಿ ಹೋಗಿ ಕೂತರು. ಏಟು ಬಿದ್ದರೆ ಬಿಡಿಸಿಕೊಂಡು ಭೂಮಿಗೆ ಹೊರಡೋಕೆ. ಚೂರು ದಾಟಿಹೋಯಿತು, ಏನೂ ಆಗಲಿಲ್ಲ. ಆದರೆ ಆ ನೌಕೆಯ ಇಕ್ಕಟ್ಟಿನಲ್ಲಿ ಕಾಲು ಮಡಚಿ ಕೂತು ಕಾಯುವ ಆ ನಿಮಿಷಗಳನ್ನು ನೆನೆದರೆ ನನಗೆ ಮೈ ಜುಮ್ ಅನ್ನುತ್ತದೆ. 1995ರಲ್ಲಿ ಸತ್ತ ಒಂದು ಡ್ರಮ್ಮು 17 ವರ್ಷದ ಮೇಲೆ ಆರು ಜನರ ಜೀವವನ್ನು ಕೈಯಲ್ಲಿ ಹಿಡಿಸಿತ್ತು.

ತಪ್ಪು ಯಾರದು

ಕಾನೂನು ಇದೆ. ಬಾಹ್ಯಾಕಾಶದ ವಸ್ತುವಿನಿಂದ ಆದ ನಷ್ಟಕ್ಕೆ ಯಾರು ಹೊಣೆ ಅಂತ 1972ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ನೆಲಕ್ಕೆ ಬಿದ್ದು ನಷ್ಟವಾದರೆ ಮಾತೇ ಇಲ್ಲ, ಹಾರಿಸಿದ ದೇಶ ಕಟ್ಟಿಕೊಡಬೇಕು. 1978ರ ಜನವರಿಯಲ್ಲಿ ಅಣು ರಿಯಾಕ್ಟರ್ ಹೊತ್ತಿದ್ದ ಕೊಸ್ಮೋಸ್ 954 ಕೆನಡಾದ ಉತ್ತರದ ಹಿಮದಲ್ಲಿ ಬಿದ್ದಾಗ ಕೆನಡಾ ಸುಮಾರು 60 ಲಕ್ಷ ಕೆನಡಾ ಡಾಲರ್ ಕೇಳಿತು, 1981ರಲ್ಲಿ ಸೋವಿಯತ್ ಒಕ್ಕೂಟ 30 ಲಕ್ಷ ಕೊಟ್ಟಿತು.

ಆದರೆ ಮೇಲೆ, ಕಕ್ಷೆಯಲ್ಲೇ ಒಂದಕ್ಕೊಂದು ಗುದ್ದಿದರೆ, ತಪ್ಪು ಇಂಥವರದು ಅಂತ ತೋರಿಸಬೇಕು. ಇಲ್ಲಿ ಯಾರದು ಅಂತ ತೋರಿಸುತ್ತೀರಿ? ಸತ್ತ ಉಪಗ್ರಹವನ್ನು ಅಲ್ಲೇ ಬಿಟ್ಟದ್ದು ತಪ್ಪು ಅನ್ನೋಣ ಅಂದರೆ, 1993ರಲ್ಲಿ ಅದನ್ನು ಇಳಿಸಲೇಬೇಕು ಅಂತ ಯಾವ ನಿಯಮವೂ ಇರಲಿಲ್ಲ. ಕೆಲಸ ಮುಗಿದ 25 ವರ್ಷದೊಳಗೆ ಕೆಳಗಿನ ಕಕ್ಷೆಗಳಿಂದ ತೆಗೆಯಿರಿ ಅಂತ ದೇಶಗಳ ಬಾಹ್ಯಾಕಾಶ ಸಂಸ್ಥೆಗಳು ಸೇರಿ ಬರೆದದ್ದು 2002ರಲ್ಲಿ. ವಿಶ್ವಸಂಸ್ಥೆಯ ಮಾರ್ಗಸೂಚಿ ಬಂದದ್ದು 2007ರಲ್ಲಿ. ಎರಡೂ ಸಲಹೆ, ಆಜ್ಞೆ ಅಲ್ಲ. ಇರಿಡಿಯಂ ಸರಿಯಲಿಲ್ಲ ಅನ್ನೋಣ ಅಂದರೆ, 584 ಮೀಟರ್ ಅಂತ ಬರೆದ ಪಟ್ಟಿ ನೋಡಿ ಸರಿಯಬೇಕಾಗಿತ್ತು ಅಂತ ಯಾವ ನ್ಯಾಯಾಲಯ ಹೇಳುತ್ತದೆ? ಎರಡೂ ದೇಶಗಳು ಪರಿಹಾರ ಕೇಳಲಿಲ್ಲ. ಇರಿಡಿಯಂ ತನ್ನ ಹೆಚ್ಚುವರಿ ಉಪಗ್ರಹವೊಂದನ್ನು ತಂದು ಮಾರ್ಚ್ ಮೊದಲ ವಾರದ ಹೊತ್ತಿಗೆ ಖಾಲಿ ಜಾಗ ತುಂಬಿಸಿತು.

ಇನ್ನೊಂದು ತೊಡಕು ಇದೆ. ಬಾಹ್ಯಾಕಾಶದ ವಸ್ತು ಸತ್ತರೂ, ಚೂರಾದರೂ, ನೋಂದಾಯಿಸಿದ ದೇಶದ್ದೇ. ರಷ್ಯಾ ಒಪ್ಪದೆ ಕೊಸ್ಮೋಸ್ 2251ರ ಒಂದು ತಗಡನ್ನೂ ಬೇರೆಯವರು ಹಿಡಿದು ತರುವ ಹಾಗಿಲ್ಲ. ರಸ್ತೆ ನಡುವೆ ಕೆಟ್ಟು ನಿಂತ ಲಾರಿಯನ್ನು ಎಳೆದು ಬದಿಗೆ ಹಾಕೋಕೆ ಪೊಲೀಸರಿಗೆ ಅಧಿಕಾರ ಇದೆ. ಅಲ್ಲಿ ಅಂಥ ಅಧಿಕಾರ ಯಾರಿಗೂ ಇಲ್ಲ.

ನನ್ನ ತೀರ್ಪು ಕೇಳಿದರೆ, ಅಮೆರಿಕದ ಕಡೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಇಲ್ಲದ್ದು ದೊಡ್ಡ ಕೊರತೆ, ನಿಜ. ಆದರೆ ಹೆಚ್ಚಿನ ಭಾರ 800 ಕಿ.ಮೀ.ಗೆ ಎಂಜಿನ್ ಇಲ್ಲದ್ದನ್ನು ಕಳಿಸುವ ಪದ್ಧತಿಯ ಮೇಲಿದೆ. ಆ ಪದ್ಧತಿ ಸೋವಿಯತ್ ಒಕ್ಕೂಟದ್ದು ಮಾತ್ರ ಆಗಿರಲಿಲ್ಲ, ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಆಕಾಶ ಅಷ್ಟು ದೊಡ್ಡದು, ಯಾರು ಯಾರಿಗೆ ತಾಗುತ್ತಾರೆ ಅಂದುಕೊಂಡಿದ್ದರು.

ಆಮೇಲೆ ಆದದ್ದು

ಡಿಕ್ಕಿಯ ನಂತರ ಅಮೆರಿಕದ ಸೇನೆ ಕೆಲಸ ಮಾಡುತ್ತಿರುವ ಎಲ್ಲ ಉಪಗ್ರಹಗಳನ್ನೂ ಪರೀಕ್ಷೆಗೆ ಸೇರಿಸಿಕೊಂಡು, ಅಪಾಯ ಕಂಡರೆ ಯಾವ ದೇಶದವರಿಗಾದರೂ ಸುದ್ದಿ ಕಳಿಸತೊಡಗಿತು. 2009ರಲ್ಲೇ ಇಂಟೆಲ್‌ಸ್ಯಾಟ್, ಇನ್‌ಮಾರ್‌ಸ್ಯಾಟ್, ಎಸ್‌ಇಎಸ್ ಕಂಪನಿಗಳು ಸೇರಿ ತಮ್ಮ ತಮ್ಮ ಕಕ್ಷೆಯ ಲೆಕ್ಕ ಹಂಚಿಕೊಳ್ಳುವ ಸಂಘ ಕಟ್ಟಿದವು. ಇರಿಡಿಯಂ 2017ರಿಂದ 2019ರ ನಡುವೆ ಹೊಸ ಉಪಗ್ರಹ ಹಾರಿಸಿ, ಹಳೆಯವುಗಳಲ್ಲಿ ಮಾತು ಕೇಳುತ್ತಿದ್ದವನ್ನು ಒಂದೊಂದಾಗಿ ಇಳಿಸಿ ಸುಟ್ಟುಹಾಕಿತು. ತಾರಸಿಯಿಂದ ನೋಡುತ್ತಿದ್ದ ಆ ಹೊಳಪೂ ಅದರ ಜೊತೆ ಹೋಯಿತು.

ನಮ್ಮ ಇಸ್ರೋಗೂ ಇದು ದೂರದ ಮಾತಲ್ಲ. ರಿಸೋರ್ಸ್‌ಸ್ಯಾಟ್‌ನಂಥ ನಮ್ಮ ದೂರಸಂವೇದಿ ಉಪಗ್ರಹಗಳು ಓಡಾಡುವುದೇ 800 ಕಿ.ಮೀ. ಆಸುಪಾಸಿನಲ್ಲಿ. 2022ರ ಜುಲೈನಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಇದಕ್ಕಾಗಿಯೇ ಒಂದು ಕೇಂದ್ರ ತೆರೆದರು. 2023ರಲ್ಲಿ ಚೂರುಗಳಿಂದ, ಬೇರೆ ಉಪಗ್ರಹಗಳಿಂದ ತಪ್ಪಿಸಿಕೊಳ್ಳೋಕೆ ಇಸ್ರೋ ತನ್ನ ಉಪಗ್ರಹಗಳನ್ನು 23 ಸಲ ಸರಿಸಿತು. ಚಂದ್ರಯಾನ-3 ಹಾರಿದ್ದು ಇಟ್ಟ ಮುಹೂರ್ತಕ್ಕಿಂತ 4 ಸೆಕೆಂಡ್ ತಡವಾಗಿ, ಅದೂ ಇದೇ ಕಾರಣಕ್ಕೆ.

ನನಗೆ ಇದರಲ್ಲಿ ಜಾಸ್ತಿ ಸಮಾಧಾನ ಕೊಟ್ಟದ್ದು ಕಾರ್ಟೊಸ್ಯಾಟ್-2ರ ಕೆಲಸ. 2007ರ ಜನವರಿಯಲ್ಲಿ ಹಾರಿದ, 680 ಕಿಲೋದ ಉಪಗ್ರಹ. ಸುಮ್ನೆ ಬಿಟ್ಟಿದ್ದರೆ ತಾನಾಗಿ ಬೀಳೋಕೆ 30 ವರ್ಷ ಹಿಡಿಯುತ್ತಿತ್ತು. ಹೊಟ್ಟೆಯಲ್ಲಿ ಉಳಿದಿದ್ದ ಇಂಧನ ಬಳಸಿ ಅದನ್ನು 630 ಕಿ.ಮೀ. ಆಸುಪಾಸಿನಿಂದ 380ಕ್ಕೆ ಇಳಿಸಿದರು. ಉಳಿದದ್ದನ್ನು ಗಾಳಿ ಮಾಡಿತು. 2024ರ ಫೆಬ್ರವರಿ 14ರಂದು ಹಿಂದೂ ಮಹಾಸಾಗರದ ಮೇಲೆ ಅದು ಉರಿದುಹೋಯಿತು. ಎಂಜಿನ್ ಇತ್ತು, ಇಂಧನ ಇತ್ತು, ಇಳಿಸಬೇಕು ಅನ್ನುವ ಮನಸ್ಸೂ ಇತ್ತು. ಕೊಸ್ಮೋಸ್ 2251ಕ್ಕೆ ಈ ಮೂರೂ ಇರಲಿಲ್ಲ.

ಅದರ ಚೂರುಗಳು ಕಡಿಮೆಯಾಗುತ್ತಾ ಬಂದಿವೆ. ಸೂರ್ಯನ ಚಟುವಟಿಕೆ ಜೋರಾದ ವರ್ಷಗಳಲ್ಲಿ ಮೇಲಿನ ಗಾಳಿ ಉಬ್ಬುತ್ತದೆ, ಆಗ ಹಗುರವಾದ ಚೂರುಗಳು ಬೇಗ ಇಳಿದು ಸುಟ್ಟುಹೋಗುತ್ತವೆ. ದಪ್ಪವಾದವು, ಭಾರವಾದವು ಇನ್ನೂ ಇವೆ. ಅಮೆರಿಕದ ಪಟ್ಟಿಯಲ್ಲಿ ಕೊಸ್ಮೋಸ್ 2251ರ ಕ್ರಮಸಂಖ್ಯೆ 22675. ಒಡೆದ ಮೇಲೂ ಆ ಸಂಖ್ಯೆಯನ್ನು ತೆಗೆದುಹಾಕಲಿಲ್ಲ, ಉಳಿದ ಮುಖ್ಯ ತುಂಡಿಗೆ ಅದನ್ನೇ ಇಟ್ಟರು. ಆ ಸಂಖ್ಯೆ ಹಾಕಿ ಹುಡುಕಿದರೆ ಎರಡು ಸಾಲಿನ ಲೆಕ್ಕ ಬರುತ್ತದೆ. ಓರೆ 74 ಡಿಗ್ರಿ, ದಿನಕ್ಕೆ 14 ಚಿಲ್ಲರೆ ಸುತ್ತು, ಇರಿಡಿಯಂನ ಹೊಸ ಉಪಗ್ರಹಗಳು ಓಡಾಡುವ ಎತ್ತರದ ನೆರೆಯಲ್ಲೇ.